ತಿರುಗುವ ಸ್ಪೀಕರ್, ಹಳೆಯ ಆರ್ಗನ್

ಶಿಕಾರಿಪುರ, ಸೊರಬದ ಜಾತ್ರೆಗಳಲ್ಲಿ ಕಂಪನಿ ನಾಟಕ ನೋಡಿದವರಿಗೆ ಕಾಲು ಹಾರ್ಮೋನಿಯಂ ಗೊತ್ತು: ತಿದಿ ತುಳಿದರೆ ಗಾಳಿ, ಗಾಳಿಯಿಂದ ಸ್ವರ. ಲಾರೆನ್ಸ್ ಹ್ಯಾಮಂಡ್ 1935ರಲ್ಲಿ ಷಿಕಾಗೋದಲ್ಲಿ ಮಾರುಕಟ್ಟೆಗೆ ತಂದ ವಿದ್ಯುತ್ ಆರ್ಗನ್‌ಗೆ ಗಾಳಿಯೇ ಬೇಡ. ಹಲ್ಲಿರುವ ಲೋಹದ ಚಕ್ರಗಳು ಆಯಸ್ಕಾಂತದ ಮುಂದೆ ತಿರುಗಿ ಸ್ವರ ಹುಟ್ಟಿಸುತ್ತವೆ.

ಆ ಸ್ವರ ಡೊನಾಲ್ಡ್ ಲೆಸ್ಲಿಗೆ ತೀರಾ ಸಪ್ಪೆಯೆನಿಸಿತು. ಅವರು ಮಾಡಿದ ಮರದ ಸ್ಪೀಕರ್ ಪೆಟ್ಟಿಗೆಯಲ್ಲಿ ಮೇಲೆ ತಿರುಗುವ ಕೊಂಬು, ಕೆಳಗೆ ಮಂದ್ರಕ್ಕೆಂದು ತಿರುಗುವ ಡ್ರಮ್. ತಾಳಗುಪ್ಪದ ರೈಲು ಕೂಗುತ್ತ ಹಾದುಹೋದಂತೆ, ಕೊಂಬಿನ ಬಾಯಿ ನಮ್ಮತ್ತ ಬಂದಾಗ ಶ್ರುತಿ ತುಸು ಏರುತ್ತದೆ, ಅತ್ತ ಸರಿದಾಗ ಇಳಿಯುತ್ತದೆ. ಹ್ಯಾಮಂಡ್ ಇದನ್ನು ಮೆಚ್ಚಲಿಲ್ಲ, ವಾದಕರು ಬಿಡಲಿಲ್ಲ.

ಆರ್ಗನ್‌ಗೆ ಈ ಪೆಟ್ಟಿಗೆ ಜೋಡಿಸುವಾಗ ಎಚ್ಚರ ಬೇಕು. ಲೆಸ್ಲಿ 122 ಮಾದರಿಯ ಆರು ಪಿನ್ನಿನ ಕೇಬಲ್‌ನಲ್ಲಿ ಸ್ವರ, ವಿದ್ಯುತ್, ವೇಗ ಬದಲಿಸುವ ಸಂಕೇತ ಎಲ್ಲವೂ ಒಟ್ಟಿಗೆ ಹರಿಯುತ್ತವೆ. 147 ಮಾದರಿಯದ್ದೂ ಆರೇ ಪಿನ್, ಆದರೆ ತಂತಿಯ ಕ್ರಮ ಬೇರೆ. ಪಿನ್ ಕೂತಿತೆಂದು ಸ್ವಿಚ್ ಹಾಕಿದರೆ ಯಂತ್ರ ಸುಟ್ಟೀತು.

ಇನ್ನೊಂದು ತೊಡಕು ನಮ್ಮ ಕರೆಂಟಿನದು. ಟ್ರಾನ್ಸ್‌ಫಾರ್ಮರ್ 230 ವೋಲ್ಟನ್ನು 117ಕ್ಕೆ ಇಳಿಸುತ್ತದೆ. 50 ಹರ್ಟ್ಸನ್ನು ಅಮೆರಿಕದ 60 ಮಾಡಲಾರದು. ಅಲ್ಲಿಗೆಂದು ಮಾಡಿದ ಆರ್ಗನ್‌ನ ಚಕ್ರಗಳು ಇಲ್ಲಿ ನಿಧಾನವಾಗಿ ತಿರುಗಿ, ಕಪ್ಪು–ಬಿಳಿ ಸೇರಿಸಿ ಎಣಿಸಿದರೆ, ಶ್ರುತಿ ಸುಮಾರು ಮೂರು ಮನೆ ಕೆಳಗಿಳಿಯುತ್ತದೆ. ಆವರ್ತನ ಬದಲಿಸುವ ಸಾಧನವೇ ಬೇಕು.

ಇಂಥ ಪೆಟ್ಟಿಗೆಯ ಹಿಂಬದಿ ತೆರೆಯಬೇಡಿ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಶಾಕ್ ಹೊಡೆಯುವಷ್ಟು ವಿದ್ಯುತ್ ಉಳಿದಿರಬಹುದು.