ಹಳೆಯ ಡೀಸೆಲ್ ಕಾರಿಗೆ ಹೊಸ ಡ್ಯಾಂಪರ್: ಗೋಕಾಕ ಸೀಮೆಯ ಗಾಡಿಗಳ ಹಿನ್ನೆಲೆಯಲ್ಲಿ ತಿರುಚು ಕಂಪನದ ವಿಶ್ಲೇಷಣೆ

ಭಾರತ್ ಸ್ಟೇಜ್-6 ನಿಯಮ 2020ರ ಏಪ್ರಿಲ್ 1ರಂದು ಜಾರಿಗೆ ಬಂದಾಗ ಮಾರುತಿ ಸುಜುಕಿ ಡೀಸೆಲ್ ಕಾರುಗಳ ತಯಾರಿಕೆಯನ್ನೇ ಕೈಬಿಟ್ಟಿತು. 2007ರಲ್ಲಿ ಸ್ವಿಫ್ಟ್ ಮೂಲಕ ಮನೆಮಾತಾದ, ಫಿಯೆಟ್ ವಿನ್ಯಾಸದ 1248 ಸಿಸಿ ಎಂಜಿನ್ನು ಅಲ್ಲಿಗೆ ಹಳೆಯ ಮಾಲಾಯಿತು. ಆದರೆ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ರಸ್ತೆಯಲ್ಲಿ ಕೆಎ-49 ಫಲಕ ಹೊತ್ತ ಇಂಥ ಡೀಸೆಲ್ ಗಾಡಿಗಳು ಇನ್ನೂ ದುಡಿಯುತ್ತಿವೆ. ಮೂಲ ತಯಾರಕರ ಬಿಡಿಭಾಗ ದುಬಾರಿ ಎನಿಸಿದಾಗಲೋ, ಗಾಡಿಗೆ ಇನ್ನಷ್ಟು ಜೋರು ಬರಲಿ ಎಂಬ ಆಸೆಯಾದಾಗಲೋ ಮಾಲೀಕರು ಹೊರಗಿನ ಕಂಪನಿಗಳ ಡ್ಯಾಂಪರಿನತ್ತ ನೋಡುತ್ತಾರೆ. ಹೊರಗಿನ ಡ್ಯಾಂಪರ್ ಎಂದರೆ ಸುಧಾರಣೆಯೇ ಎಂಬ ನಂಬಿಕೆ ಯಂತ್ರಶಾಸ್ತ್ರದ ಲೆಕ್ಕಕ್ಕೆ ನಿಲ್ಲುವುದಿಲ್ಲ ಎಂಬುದು ಈ ಲೇಖನದ ವಾದ.

ಗ್ಯಾರೇಜಿನಲ್ಲಿ ಡ್ಯಾಂಪರಿಗೆ ಕ್ರ್ಯಾಂಕ್ ಪುಲ್ಲಿ ಎಂದೇ ಹೆಸರು. ಎಂಜಿನ್ನಿನ ಮುಂದಣ ತುದಿಯಲ್ಲಿ ಕೂತು ಬೆಲ್ಟ್ ಎಳೆಯುವ ಗಾಲಿಯಿದು. ಆದರೆ ಬೆಲ್ಟ್ ಎಳೆಯುವುದು ಇದರ ಅರ್ಧ ಕೆಲಸ ಮಾತ್ರ. ಒಳಗೊಂದು ಗುಂಬ, ಹೊರಗೊಂದು ಭಾರದ ಉಂಗುರ, ನಡುವೆ ಕೆಲವೇ ಮಿಲಿಮೀಟರ್ ದಪ್ಪದ ರಬ್ಬರ್ ಪಟ್ಟಿ. ಕ್ರ್ಯಾಂಕ್‌ಶಾಫ್ಟಿನ ತಿರುಚು ಕಂಪನ ತಗ್ಗಿಸುವ ಉಳಿದರ್ಧ ಕೆಲಸ ಆ ಪಟ್ಟಿಯದು.

ಈ ಕಂಪನ ಹುಟ್ಟುವುದೇಕೆ? ಗೋಕಾಕದ ಹತ್ತಿ ಗಿರಣಿಯನ್ನು 1887ರಿಂದ ನಡೆಸಿದ್ದು ಜಲಪಾತದ ನೀರು. ನೀರಿನಿಂದ ತಿರುಗುವ ಚಕ್ರದ ಮೇಲೆ ಬಲ ಒಂದೇ ಸಮನೆ ಬೀಳುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಹಾಗಲ್ಲ. ನಾಲ್ಕು ಸಿಲಿಂಡರಿನ, ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಕ್ರ್ಯಾಂಕ್‌ಶಾಫ್ಟ್ ಒಂದು ಸುತ್ತು ಹಾಕುವಷ್ಟರಲ್ಲಿ ಎರಡು ಸಲ ಇಂಧನ ಉರಿಯುತ್ತದೆ. ಕಾಮನ್‌ರೈಲ್ ಎಂಜಿನ್ನಿನಲ್ಲಿ ಆಗ ಒಳಗಿನ ಒತ್ತಡ ಸುಮಾರು 150 ಬಾರ್‌ವರೆಗೂ ಏರಬಲ್ಲದು. ಪ್ರತಿ ಹೊಡೆತಕ್ಕೂ ಶಾಫ್ಟು ಕೂದಲೆಳೆಯಷ್ಟು ತಿರುಚಿಕೊಂಡು ಮತ್ತೆ ಬಿಚ್ಚಿಕೊಳ್ಳುತ್ತದೆ. ಹಿಂದಿನ ತುದಿಯಲ್ಲಿ ಭಾರದ ಫ್ಲೈವೀಲ್ ಇರುವುದರಿಂದ ಅಲ್ಲಿ ಈ ಅಲುಗಾಟ ಬಹುತೇಕ ಇಲ್ಲ. ಅದು ಅತಿ ಹೆಚ್ಚು ಇರುವುದು ಮುಂದಿನ ತುದಿಯಲ್ಲಿ, ಹಾಗಾಗಿಯೇ ಡ್ಯಾಂಪರಿನ ಜಾಗವೂ ಅದೇ. ಇದೇ ಸೀಮೆಯ ಹೊಲಗಳಲ್ಲಿ ಬಾವಿ ನೀರೆತ್ತಿದ ಒಂಟಿ ಸಿಲಿಂಡರಿನ ಪಂಪ್‌ಸೆಟ್ ಎಂಜಿನ್ನುಗಳಿಗೆ ಡ್ಯಾಂಪರ್ ಬೇಕಾಗಲಿಲ್ಲ. ಅವುಗಳ ಶಾಫ್ಟು ಗಿಡ್ಡ, ದಪ್ಪ, ವೇಗವೂ ಕಡಿಮೆ.

ಉದ್ದ ಶಾಫ್ಟಿನ ಈ ರೋಗ 20ನೇ ಶತಮಾನದ ಆರಂಭದಲ್ಲಿ ಆರು ಸಿಲಿಂಡರಿನ ಕಾರುಗಳು ಬಂದಾಗಲೇ ಕಾಣಿಸಿಕೊಂಡಿತ್ತು. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1910ರ ಸುಮಾರಿಗೆ ಅದಕ್ಕೆ ಡ್ಯಾಂಪರ್ ರೂಪಿಸಿದ. ಡ್ಯಾಂಪರಿನ ಹೊಂದಾಣಿಕೆಯ ಗಣಿತವನ್ನು ಜೆ. ಪಿ. ಡೆನ್ ಹಾರ್ಟೊಗ್ 1934ರ ತನ್ನ ‘ಮೆಕ್ಯಾನಿಕಲ್ ವೈಬ್ರೇಷನ್ಸ್’ ಗ್ರಂಥದಲ್ಲಿ ಕ್ರಮಬದ್ಧವಾಗಿ ಕೊಟ್ಟ. ಮುಂದಿನ ಲೆಕ್ಕಕ್ಕೆ ಅದೇ ಆಧಾರ.

ಅನುಕೂಲಕ್ಕಾಗಿ ಒಂದು ಮಾದರಿ ಎಂಜಿನ್ ಇಟ್ಟುಕೊಳ್ಳೋಣ. ಇದು ಯಾವುದೇ ಕಂಪನಿಯ ಅಳತೆಯಲ್ಲ. ಕ್ರ್ಯಾಂಕ್‌ಶಾಫ್ಟಿನ ಸಹಜ ತಿರುಚು ಆವರ್ತನ 400 ಹರ್ಟ್ಸ್, ಅದರ ಪರಿಣಾಮಕಾರಿ ಜಡತ್ವ 0.025 ಕಿ.ಗ್ರಾಂ-ಚ.ಮೀ., ಡ್ಯಾಂಪರ್ ಉಂಗುರದ ಜಡತ್ವ 0.005. ಉರಿತದ ಹೊಡೆತ ಸುತ್ತಿಗೆ ಎರಡರಂತೆ ಬಂದರೂ ಅದರೊಳಗೆ ಸುತ್ತಿಗೆ 4, 6, 8 ಸಲದ ಮಿಡಿತಗಳೂ ಅಡಗಿರುತ್ತವೆ. ನಿಮಿಷಕ್ಕೆ 3000 ಸುತ್ತಿನಲ್ಲಿ ಎಂಟರ ಮಿಡಿತ, 4000 ಸುತ್ತಿನಲ್ಲಿ ಆರರ ಮಿಡಿತ ಸರಿಯಾಗಿ 400 ಹರ್ಟ್ಸ್ ಆಗುತ್ತದೆ. ಅದೇ ಅನುರಣನ. ಡ್ಯಾಂಪರ್ ಇಲ್ಲದಿದ್ದರೆ ಶಾಫ್ಟು ತಾಸಿಗೆ 14.4 ಲಕ್ಷ ಸಲ ಜೋರಾಗಿ ತಿರುಚಿ ಬಿಚ್ಚುತ್ತದೆ. ಉಕ್ಕಿನ ದಣಿವಿನ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಗಡಿಯೆಂದು ಹಿಡಿಯುವ ಒಂದು ಕೋಟಿ ಆವರ್ತನೆಗಳು ಏಳು ತಾಸಿನೊಳಗೆ ಮುಗಿಯುತ್ತವೆ. ಸಂಕೇಶ್ವರ ದಾಟಿ ತವಂದಿ ಘಟ್ಟವನ್ನು ಕೆಳಗಿನ ಗೇರಿನಲ್ಲಿ ಹತ್ತುವ ಗಾಡಿಯ ಎಂಜಿನ್ನು ಇಂಥ ವೇಗಗಳನ್ನು ಮತ್ತೆಮತ್ತೆ ಹಾಯುತ್ತದೆ.

ಡೆನ್ ಹಾರ್ಟೊಗ್ ಸೂತ್ರದ ಪ್ರಕಾರ ರಬ್ಬರಿನ ಮೇಲೆ ಕೂತ ಈ ಉಂಗುರದ ಸ್ವಂತ ಆವರ್ತನವನ್ನು 400ಕ್ಕಲ್ಲ, 333 ಹರ್ಟ್ಸಿಗೆ ಹೊಂದಿಸಬೇಕು. ಅದಕ್ಕೆ ರಬ್ಬರಿನ ತಿರುಚು ಬಿಗಿತ ರೇಡಿಯನ್ನಿಗೆ ಸುಮಾರು 22,000 ನ್ಯೂಟನ್-ಮೀಟರ್ ಇರಬೇಕಾಗುತ್ತದೆ. ವಯಸ್ಸಾಗಿ ರಬ್ಬರ್ ಶೇ. 30ರಷ್ಟು ಬಿಗಿಯಾಯಿತೆನ್ನಿ, ಆವರ್ತನ 380ಕ್ಕೆ ಜಿಗಿಯುತ್ತದೆ. ಹೊರಗಿನಿಂದ ನೋಡಿದರೆ ಪುಲ್ಲಿ ನೆಟ್ಟಗಿದೆ, ಬೆಲ್ಟೂ ಓಡುತ್ತಿದೆ, ಆದರೆ ಹೊಂದಾಣಿಕೆ ಹೋಗಿದೆ. ಅಗ್ಗದ ನಕಲಿ ಪುಲ್ಲಿಯ ಅಪಾಯ ಇರುವುದೂ ಇಲ್ಲಿಯೇ. ವ್ಯಾಸ, ಬೆಲ್ಟಿನ ಗೀರು, ಬೋಲ್ಟಿನ ತೂತು ಎಲ್ಲವನ್ನೂ ಯಾವ ಲೇಥಿನಲ್ಲಾದರೂ ತೆಗೆಯಬಹುದು. ರಬ್ಬರಿನ ಬಿಗಿತ ಲೇಥಿಗೆ ಸಿಗುವುದಿಲ್ಲ.

ರಬ್ಬರ್ ಜಾರಿದ ಪುಲ್ಲಿಗೆ ವೆಲ್ಡಿಂಗ್ ಟಾಕಿ ಹಾಕಿಸುವುದು ಇನ್ನೂ ಕೆಟ್ಟದ್ದು. ಆಗ ಉಂಗುರ ಶಾಫ್ಟಿನದೇ ಭಾರವಾಗುತ್ತದೆ. ನಮ್ಮ ಮಾದರಿಯಲ್ಲಿ ಸಹಜ ಆವರ್ತನ 365 ಹರ್ಟ್ಸಿಗೆ ಇಳಿದು, ಅನುರಣನ 3650 ಮತ್ತು 2740 ಸುತ್ತಿಗೆ, ಅಂದರೆ ದಿನಬಳಕೆಯ ವೇಗಕ್ಕೆ ಇನ್ನಷ್ಟು ಹತ್ತಿರ ಬರುತ್ತದೆ. ಕಂಪನದ ದಮನವಂತೂ ಪೂರ್ತಿ ಹೋಯಿತು. ‘ಹಗುರ’ ಎಂದು ಮಾರುವ ಗಟ್ಟಿ ಅಲ್ಯೂಮಿನಿಯಂ ಪುಲ್ಲಿಗೂ ಇದೇ ಮಾತು. ಅದರಲ್ಲಿ ಅನುರಣನದ ವೇಗ ಮೇಲಕ್ಕೆ ಸರಿಯುತ್ತದಷ್ಟೇ, ದಮನ ಇರುವುದಿಲ್ಲ.

ಇನ್ನು ವಿದೇಶಿ ಡ್ಯಾಂಪರುಗಳ ಮಾತು. ಅಮೆರಿಕದ ಫ್ಲೂಯಿಡ್ಯಾಂಪರ್‌ನಂಥವುಗಳಲ್ಲಿ ರಬ್ಬರಿಲ್ಲ. ಮುಚ್ಚಿದ ಡಬ್ಬಿಯೊಳಗೆ ಗಟ್ಟಿ ಸಿಲಿಕೋನ್ ದ್ರವ, ಅದರಲ್ಲಿ ತೇಲುವ ಭಾರದ ಉಂಗುರ. ಶಾಫ್ಟು ನಡುಗಿದಾಗ ಉಂಗುರ ತನ್ನ ವೇಗ ಬಿಡುವುದಿಲ್ಲ. ನಡುವಿನ ದ್ರವ ಕತ್ತರಿಸಿದಂತಾಗಿ ಕಂಪನದ ಶಕ್ತಿ ಶಾಖವಾಗುತ್ತದೆ. ಇದಕ್ಕೆ ಹೊಂದಾಣಿಕೆಯ ಆವರ್ತನವೇ ಇಲ್ಲ, ಎಲ್ಲ ವೇಗದಲ್ಲೂ ಅಷ್ಟಿಷ್ಟು ಕೆಲಸ ಮಾಡುತ್ತದೆ, ರಬ್ಬರಿನಂತೆ ಬಿರಿಯುವುದೂ ಇಲ್ಲ. ಮಾರಾಟಗಾರರು ಹೇಳುವುದು ಇಷ್ಟು, ಇಷ್ಟೂ ನಿಜ.

ಅವರು ಹೇಳದ ಲೆಕ್ಕ ಒಂದಿದೆ. ಉಂಗುರಕ್ಕೂ ಶಾಫ್ಟಿಗೂ ಇರುವ ಜಡತ್ವದ ಅನುಪಾತ ನಮ್ಮ ಮಾದರಿಯಂತೆ ಶೇ. 20 ಇದ್ದಾಗ, ಸರಿಯಾಗಿ ಹೊಂದಿಸಿದ ರಬ್ಬರ್ ಡ್ಯಾಂಪರಿನಲ್ಲಿ ಅನುರಣನದ ತಿರುಚು ಸ್ಥಿರ ತಿರುಚಿನ (ಅದೇ ಬಲ ಏರಿಳಿಯದೆ ಬಿದ್ದಾಗ ಆಗುವ ತಿರುಚಿನ) 3.3 ಪಟ್ಟಿಗೆ ನಿಲ್ಲುತ್ತದೆ. ಅದೇ ಭಾರದ, ಅತ್ಯುತ್ತಮ ದ್ರವ ತುಂಬಿದ ಸಿಲಿಕೋನ್ ಡ್ಯಾಂಪರಿನಲ್ಲಿ ಅದು 11 ಪಟ್ಟು. ರಬ್ಬರಿನ ಫಲವನ್ನು ದ್ರವದಲ್ಲಿ ಪಡೆಯಬೇಕೆಂದರೆ ಉಂಗುರದ ಜಡತ್ವ ನಾಲ್ಕು ಪಟ್ಟಿಗೂ ಮಿಕ್ಕಿ ಬೇಕು. ನಿಜದ ರಬ್ಬರಿನಲ್ಲಿ ದಮನ ಆದರ್ಶಕ್ಕಿಂತ ಕಡಿಮೆಯಿರುವುದರಿಂದ ಈ ಅಂತರ ಇಷ್ಟು ದೊಡ್ಡದಾಗಿ ಉಳಿಯಲಾರದು, ಒಪ್ಪೋಣ. ಆದರೂ ಮೂಲ ಸ್ಥಿತಿಯ ಎಂಜಿನ್ನಿಗೆ ಹೊಸ ರಬ್ಬರ್ ಡ್ಯಾಂಪರನ್ನು ತೆಗೆದು ಸಿಲಿಕೋನ್ ಹಾಕುವುದು ಮೇಲ್ದರ್ಜೆಗೇರಿಸಿದಂತೆ ಎನ್ನಲು ಆಧಾರ ಸಿಗುವುದಿಲ್ಲ.

ರೀಮ್ಯಾಪ್ ಮಾಡಿಸಿದ, ಅಂದರೆ ನಿಯಂತ್ರಕದ ತಂತ್ರಾಂಶ ಬದಲಿಸಿ ಜೋರು ಹೆಚ್ಚಿಸಿದ ಗಾಡಿಗೆ? ಆಗ ಡ್ಯಾಂಪರಿನ ಹೊಂದಾಣಿಕೆ ಕೆಡುತ್ತದೆ ಎಂಬ ತಪ್ಪು ತಿಳಿವಳಿಕೆ ಚಾಲ್ತಿಯಲ್ಲಿದೆ. ಟಾರ್ಕ್ ಹೆಚ್ಚಿದರೆ ಶಾಫ್ಟಿನ ಸಹಜ ಆವರ್ತನ ಬದಲಾಗುವುದಿಲ್ಲ, ಹೊಡೆತ ಜೋರಾಗುತ್ತದೆ ಅಷ್ಟೆ. ಹಳೆಯ ಹೊಂದಾಣಿಕೆ ಸರಿಯಾಗಿಯೇ ಇರುತ್ತದೆ, ರಬ್ಬರಿಗೆ ಬೀಳುವ ಒತ್ತಡ ಮತ್ತು ಶಾಖ ಮಾತ್ರ ಏರುತ್ತವೆ. ಇದೇ 1248 ಸಿಸಿ ಎಂಜಿನ್ನು ಸ್ವಿಫ್ಟಿನಲ್ಲಿ 75 ಅಶ್ವಶಕ್ತಿ, ಬೇರೆ ಗಾಡಿಗಳಲ್ಲಿ 90 ಅಶ್ವಶಕ್ತಿ ಕೊಟ್ಟು ಮಾರಾಟವಾಗಿದೆ. ಆದುದರಿಂದ ಸಣ್ಣ ಏರಿಕೆಗೆ ಹೊಸ ಮೂಲ ಡ್ಯಾಂಪರ್ ಸಾಕೆಂದು ಊಹಿಸಲು ಅಡ್ಡಿಯಿಲ್ಲ. ದೊಡ್ಡ ಏರಿಕೆ, ಸದಾ ಮೇಲಿನ ವೇಗದ ಓಟ, ಭಾರದ ಉಂಗುರಕ್ಕೆ ಜಾಗ ಇವು ಮೂರೂ ಇದ್ದರೆ ಸಿಲಿಕೋನಿನ ಪರ ವಾದಕ್ಕೆ ತೂಕ ಬರುತ್ತದೆ.

ಮೇಸ್ತ್ರಿಗಳು ‘ಪುಲ್ಲಿ ಆಡಾಕತ್ತೈತಿ, ರಬ್ಬರ್ ಬಿಟ್ಟೈತಿ’ ಎನ್ನುವುದು ಹೆಚ್ಚಾಗಿ ಸರಿಯಾದ ರೋಗನಿದಾನವೇ. ಎಂಜಿನ್ ಚಾಲೂ ಇಟ್ಟು ಪಕ್ಕದಿಂದ ನೋಡಿದರೆ ಅಂಚು ಓಲಾಡುವುದು ಕಾಣುತ್ತದೆ. ಬೆಲ್ಟಿನ ಮಗ್ಗುಲಲ್ಲಿ ಕರಿ ಪುಡಿ ಉದುರಿರುತ್ತದೆ. ಆದರೆ ನಿಂತ ಗಾಡಿಯ ಸ್ಟಿಯರಿಂಗ್ ನಡುಗುತ್ತಿದೆ ಎಂದು ಪುಲ್ಲಿ ಬದಲಿಸುವುದು ದುಡ್ಡಿನ ದಂಡ. 800 ಸುತ್ತಿನ ಐಡಲಿನಲ್ಲಿ ಉರಿತದ ಹೊಡೆತ ಸೆಕೆಂಡಿಗೆ 27ರ ಆಸುಪಾಸು. 333 ಹರ್ಟ್ಸಿನ ಡ್ಯಾಂಪರಿಗೂ ಅದಕ್ಕೂ ಸಂಬಂಧವಿಲ್ಲ. ಮೌಂಟಿಂಗ್, ಇಂಜೆಕ್ಟರ್, ಫ್ಲೈವೀಲನ್ನು ಮೊದಲು ನೋಡಬೇಕು.

ರಬ್ಬರ್ ಬೇಗ ಹಾಳಾಗಲು ಸ್ಥಳೀಯ ಕಾರಣಗಳೂ ಇವೆ. ಬೇಸಿಗೆಯ ಬಿಸಿಲು ಒಂದು. ಕಬ್ಬಿನ ಹಂಗಾಮಿನಲ್ಲಿ ಕಾರ್ಖಾನೆಯ ಹಾದಿ ಹಿಡಿದ ಟ್ರ್ಯಾಕ್ಟರುಗಳ ಹಿಂದೆ ತೆವಳುವಾಗ ಎಂಜಿನ್ ಕೋಣೆಗೆ ಗಾಳಿ ಸಾಲದು. ಎಲ್ಲಕ್ಕಿಂತ ಹೆಚ್ಚಿನದು ಎಣ್ಣೆ. ಮುಂದಿನ ಆಯಿಲ್ ಸೀಲು ಜಿನುಗಿದರೆ ನೇರ ಪುಲ್ಲಿಯ ಮೇಲೇ ಬೀಳುತ್ತದೆ, ಡೀಸೆಲ್ ಹಾಕಿ ಎಂಜಿನ್ ತೊಳೆದರೂ ಅದೇ ಗತಿ. ಎಣ್ಣೆ ಕುಡಿದ ರಬ್ಬರ್ ಉಬ್ಬಿ ಹಿಡಿತ ಬಿಡುತ್ತದೆ. ಸೀಲು ಬದಲಿಸದೆ ಪುಲ್ಲಿ ಮಾತ್ರ ಹೊಸದು ಹಾಕಿದರೆ ಅದೂ ಹಾಳಾಗುತ್ತದೆ.

ಹೊಸ ಪುಲ್ಲಿ ಕೂಡಿಸಿದ ದಿನ ಗುಂಬ, ರಬ್ಬರ್, ಉಂಗುರ ಮೂರನ್ನೂ ಹಾಯುವಂತೆ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆದಿಡಬೇಕು. ಪ್ರತಿ ಸರ್ವಿಸಿನಲ್ಲಿ ನೋಡಿದಾಗ ಗೆರೆ ಮುರಿದಿದ್ದರೆ ಉಂಗುರ ಜಾರಿದೆ ಎಂದೇ ಅರ್ಥ.

ಆದರೆ ಪೆಟ್ಟಿಗೆಯಲ್ಲಿರುವ ಹೊಸ ಪುಲ್ಲಿಯ ಹೊಂದಾಣಿಕೆ ಸರಿಯಿದೆಯೇ ಎಂದು ಕೊಳ್ಳುವವನು ಕಣ್ಣಿನಿಂದ ತಿಳಿಯಲಾರ. ಗುಂಬವನ್ನು ಬಿಗಿಯಾಗಿ ಹಿಡಿದು, ಉಂಗುರಕ್ಕೆ ತಿರುಚಿನ ದಿಕ್ಕಿನಲ್ಲಿ ಒಂದು ಪೆಟ್ಟು ಕೊಟ್ಟು, ವೇಗೋತ್ಕರ್ಷ ಮಾಪಕದಿಂದ ಅದರ ಆವರ್ತನ ಅಳೆಯುವುದು ಪ್ರಯೋಗಾಲಯಕ್ಕೆ ದೊಡ್ಡ ಕೆಲಸವಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರ ಇರುವುದೇ ನಮ್ಮ ಬೆಳಗಾವಿಯಲ್ಲಿ. ಅದರ ಅಡಿಯ ಮೆಕ್ಯಾನಿಕಲ್ ವಿಭಾಗಗಳು ಪೇಟೆಯಲ್ಲಿ ಸಿಗುವ ಡ್ಯಾಂಪರುಗಳನ್ನು ಮೂಲ ಬಿಡಿಭಾಗದ ಜೊತೆಗಿಟ್ಟು ಅಳೆದು, ಬಂದ ಅಂಕಿಗಳನ್ನು ಕನ್ನಡದಲ್ಲಿ ಪ್ರಕಟಿಸಲಿ.