ಫ್ಯೂಸ್ ಹೋಗದ ಮೈಕ್ರೊಗ್ರಿಡ್

ಮೈಕ್ರೊಗ್ರಿಡ್, ಅಂದರೆ ಬೇಕಾದಾಗ ಮುಖ್ಯ ಜಾಲದಿಂದ ಕಳಚಿಕೊಂಡು ತನ್ನಷ್ಟಕ್ಕೆ ನಡೆಯಬಲ್ಲ ಪುಟ್ಟ ವಿದ್ಯುತ್ ಜಾಲ, ತಾರಸಿಗೆ ಎಷ್ಟು ಸೋಲಾರ್ ಪ್ಯಾನಲ್, ಕೆಳಗೆ ಎಷ್ಟು ಬ್ಯಾಟರಿ ಎಂಬ ಲೆಕ್ಕವಷ್ಟೇ ಎಂದು ಹಲವರು ನಂಬಿದ್ದಾರೆ. ಗಂಟೆಗಂಟೆಯ ಬಿಸಿಲು, ಬಳಕೆ, ಖರ್ಚುಗಳನ್ನು ಕೂಡಿ ಕಳೆಯುವ ‘ಹೋಮರ್’ನಂಥ ತಂತ್ರಾಂಶದ ವರದಿಯೊಂದಿದ್ದರೆ ಸಿಮ್ಯುಲೇಶನ್ ಮುಗಿಯಿತು ಎನ್ನುವವರೂ ಇದ್ದಾರೆ. ಆ ಲೆಕ್ಕ ಬೇಕು. ಆದರೆ ಮುಖ್ಯ ಜಾಲದಿಂದ ಕಳಚಿಕೊಂಡ ಮೊದಲ ಕೆಲವು ಸೆಕೆಂಡುಗಳಲ್ಲಿ ಏನಾಗುತ್ತದೆಂದು ಅದು ಹೇಳುವುದಿಲ್ಲ. ಮೈಕ್ರೊಗ್ರಿಡ್ ಉಳಿಯುವುದೂ ಮಲಗುವುದೂ ಆಗಲೇ.

ವಿದ್ಯುತ್ ಜಾಲದ ಕ್ಷಣಿಕ ಏರಿಳಿತಗಳನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ದಾರಿಯನ್ನು ಹರ್ಮನ್ ಡೊಮ್ಮೆಲ್ 1969ರಲ್ಲೇ ತೋರಿಸಿದ್ದರು. ಊರಿನ ಮಟ್ಟದ ಸ್ವಂತ ವಿದ್ಯುತ್ತೂ ನಮಗೆ ಹೊಸತಲ್ಲ. 1987ರಲ್ಲಿ ತುಮಕೂರು ಜಿಲ್ಲೆಯ ಪುರ ಗ್ರಾಮದಲ್ಲಿ ಸಗಣಿ ಅನಿಲದಿಂದ ಎಂಜಿನ್ ನಡೆಸಿ ಮನೆಗಳಿಗೆ ದೀಪ, ನೀರು ಕೊಟ್ಟದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ತಂಡ. ಅದೇ ತಂಡದ ಎ.ಕೆ.ಎನ್. ರೆಡ್ಡಿಯವರ ಬಳಗ ಅದಕ್ಕೂ ಮೊದಲೇ ಮನೆಮನೆಗೆ ಹೋಗಿ ಊರಿನ ಇಂಧನ ಬಳಕೆಯನ್ನು ಅಳೆದಿತ್ತು. ಈ ಕ್ಷೇತ್ರದ ಚರಿತ್ರೆ ಬರೆಯುವವರು ಪುರವನ್ನು ಬಿಟ್ಟು ನೇರ ಅಮೆರಿಕಕ್ಕೆ ಹೋಗುವುದು ನನಗಂತೂ ಸರಿ ಕಾಣದು. ಹೋದಮೇಲೂ ಅಲ್ಲಿ ಸಿಗುವುದು ನಮ್ಮವರೇ. ಮುಕುಲ್ ಚಂದೋರ್ಕರ್, ದೀಪಕ್ ದಿವಾನ್ ಮತ್ತು ಸಂಗಡಿಗರ 1993ರ ಪ್ರಬಂಧ ಇಂದಿಗೂ ಈ ವಿದ್ಯೆಯ ಬುನಾದಿ. ಅದರ ಸಾರ ಇಷ್ಟು: ಹೊರೆ ಹೆಚ್ಚಿದಂತೆ ಪ್ರತಿ ಇನ್ವರ್ಟರ್ ತನ್ನ ಆವರ್ತನವನ್ನು ಕೊಂಚ ತಗ್ಗಿಸಿಕೊಂಡರೆ, ಒಂದಕ್ಕೊಂದು ಸಂದೇಶ ಕಳಿಸದೆಯೇ ಅವು ಭಾರ ಹಂಚಿಕೊಳ್ಳುತ್ತವೆ. ಚಂದೋರ್ಕರ್ ಮುಂದೆ ಮುಂಬಯಿ ಪವಾಯಿಯ ಐಐಟಿಯಲ್ಲಿ ಪ್ರಾಧ್ಯಾಪಕರಾದರು. 2002ರಲ್ಲಿ ರಾಬರ್ಟ್ ಲ್ಯಾಸೆಟರ್ ಮತ್ತಿತರರು ಮೈಕ್ರೊಗ್ರಿಡ್ಡಿಗೆ ಸ್ಪಷ್ಟ ರೂಪ ಕೊಟ್ಟದ್ದು ಈ ದಾರಿಯಲ್ಲೇ.

ತೊಡಕು ಶುರುವಾಗುವುದು ಭಾರ ಹಂಚಿಕೆಯ ಈ ಸೂತ್ರವನ್ನು ಮುಂಬಯಿಯ ದಾದರಿನ ಹಳೆಯ ಕಟ್ಟಡವೊಂದಕ್ಕೆ ತಂದಾಗ. ಪಠ್ಯಪುಸ್ತಕದ ಲೈನು ಉದ್ದದ ಹೈಟೆನ್ಶನ್ ಲೈನು. ಇಲ್ಲಿರುವುದು ನೆಲದಡಿಯ ಗಿಡ್ಡ ಕೇಬಲ್. ಇದರಲ್ಲಿ ರೋಧವೇ ಹೆಚ್ಚಾಗಿರುವುದರಿಂದ ಆವರ್ತನ, ವೋಲ್ಟೇಜ್ ಎರಡರ ಲೆಕ್ಕವೂ ಒಂದರೊಳಗೊಂದು ಸಿಕ್ಕಿಕೊಳ್ಳುತ್ತದೆ. ಇನ್ನು ಮೀಟರ್ ಕೋಣೆಯ ಫ್ಯೂಸ್ ನೋಡಿ. ನಗರಕ್ಕೆ ವಿದ್ಯುತ್ ಕೊಡುವ ‘ಬೆಸ್ಟ್’ ಸಂಸ್ಥೆಯ ಪೂರೈಕೆ ಇದ್ದಾಗ ಶಾರ್ಟ್ ಆದರೆ ಭಾರೀ ಕರೆಂಟ್ ನುಗ್ಗಿ ಫ್ಯೂಸ್ ತಕ್ಷಣ ಹೋಗುತ್ತದೆ. ಇನ್ವರ್ಟರ್ ಕೊಡಬಲ್ಲದ್ದು ಸಾಮಾನ್ಯವಾಗಿ ತನ್ನ ಸಾಮರ್ಥ್ಯದ ಒಂದೂವರೆ, ಎರಡು ಪಟ್ಟು ಮಾತ್ರ; ಫ್ಯೂಸ್ ಹೋಗದೆ ಕೇಬಲ್ ಬಿಸಿಯಾಗುತ್ತಲೇ ಇರಬಹುದು. ‘ಹಾಕಿ ನೋಡೋಣ, ತೊಂದರೆಯಾದರೆ ಸರಿಪಡಿಸೋಣ’ ಎಂಬ ವಾದ ಇಲ್ಲಿಗೆ ನಿಲ್ಲುತ್ತದೆ. ಜನ ವಾಸವಿರುವ ಕಟ್ಟಡದಲ್ಲಿ ಶಾರ್ಟ್ ಮಾಡಿ ಪರೀಕ್ಷಿಸಲಾಗದು, ಸಿಮ್ಯುಲೇಶನ್ನಿನಲ್ಲಿ ಸಾವಿರ ಸಲ ಮಾಡಬಹುದು.

ಕರೆಂಟೇ ಹೋಗದ ಮುಂಬಯಿಗೆ ಇದೆಲ್ಲ ಯಾಕೆ ಎನ್ನುವವರು ನಗರದ ಬಹುಭಾಗದಲ್ಲಿ ಕರೆಂಟ್ ಹೋದ 2020ರ ಅಕ್ಟೋಬರ್ 12ನ್ನು ನೆನೆಯಲಿ. ಹೊರಗಿನ ಜಾಲ ಕುಸಿದರೂ ನಗರವನ್ನು ಪ್ರತ್ಯೇಕ ದ್ವೀಪವಾಗಿಸಿ ಉಳಿಸುವ ವ್ಯವಸ್ಥೆ 1980ರ ದಶಕದಿಂದಲೇ ಇತ್ತು. ಅಂದು ಆ ವ್ಯವಸ್ಥೆ ತಾಳಲಿಲ್ಲ, ಲೋಕಲ್ ರೈಲುಗಳೂ ನಿಂತವು. ದೊಡ್ಡ ದ್ವೀಪಕ್ಕೇ ಹೀಗಾದರೆ ಚಿಕ್ಕದಕ್ಕೆ ಇನ್ನೂ ಎಚ್ಚರ ಬೇಕು.

ಸಿಮ್ಯುಲೇಶನ್ನಿಗೆ ಬೇಕಾದ ಸಮೀಕರಣಗಳಿಗೆ ಈಗ ಬರವಿಲ್ಲ, ಬರವಿರುವುದು ಅಳತೆಗೆ. ನಳದಲ್ಲಿ ನೀರು ಬರುವ ಹೊತ್ತಿಗೆ ಸೊಸೈಟಿಗಳ ಪಂಪುಗಳೆಲ್ಲ ಒಟ್ಟಿಗೆ ಏಳುತ್ತವೆ. ಏಳುವಾಗ ಮೋಟಾರು ಓಡುವಾಗಿನ ಐದಾರು ಪಟ್ಟು ಕರೆಂಟ್ ಎಳೆಯಬಹುದು. ಕಾಲು ಗಂಟೆಗೊಮ್ಮೆ, ಅರ್ಧ ಗಂಟೆಗೊಮ್ಮೆ ಲೆಕ್ಕ ಬರೆಯುವ ಸ್ಮಾರ್ಟ್ ಮೀಟರಿಗೆ ಇದು ಕಾಣದು. ದಾದರಿಗೆ ಅಂಟಿಕೊಂಡೇ ಇರುವ ಮಾಟುಂಗದ ಎಂಜಿನಿಯರಿಂಗ್ ಕಾಲೇಜು ವಿಜೆಟಿಐ ಮತ್ತು ಬೆಸ್ಟ್ ಸೇರಿ ಒಂದೇ ಒಂದು ಕಟ್ಟಡದ ಪ್ಯಾನೆಲಿಗೆ ಒಂದು ಮಳೆಗಾಲದುದ್ದಕ್ಕೂ ಕ್ಷಣಕ್ಷಣದ ಕರೆಂಟನ್ನು ದಾಖಲಿಸುವ ರೆಕಾರ್ಡರ್ ಜೋಡಿಸಲಿ, ದೊರೆತ ಅಂಕಿಗಳನ್ನು ಎಲ್ಲರಿಗೂ ಬಿಟ್ಟುಕೊಡಲಿ.