ಕಂದನ ನೋವು ಮತ್ತು ದೇವರ ನ್ಯಾಯ: ಕ್ರೈಸ್ತ ಚಿಂತನೆಯ ಇತಿಹಾಸದಲ್ಲಿ ಒಂದು ಹಳೆಯ ಪ್ರಶ್ನೆ

ತಾನು ಮಾಡಿದ ತಪ್ಪಿಗೆ ತಾನೇ ನೋಯುವುದನ್ನು ಲೋಕವು ನ್ಯಾಯವೆನ್ನುತ್ತದೆ. ಒಬ್ಬನ ತಪ್ಪಿಗೆ ಇನ್ನೊಬ್ಬನು ನೋಯುವುದನ್ನು ಅನ್ಯಾಯವೆನ್ನುತ್ತದೆ. ಆದರೆ ತಪ್ಪು ಎಂದರೇನೆಂಬುದನ್ನೇ ಅರಿಯದ ಕೂಸೊಂದು ಜ್ವರದಿಂದ ನರಳಿ ತಾಯಿಯ ಮಡಿಲಿನಲ್ಲಿ ಪ್ರಾಣ ಬಿಟ್ಟಾಗ ಅದನ್ನು ಏನೆಂದು ಕರೆಯಬೇಕು? ಈ ಪ್ರಶ್ನೆಯನ್ನು ಎದುರಿಸದ ಧರ್ಮವಿಲ್ಲ. ಅದರಲ್ಲಿಯೂ ಕ್ರೈಸ್ತ ಧರ್ಮಕ್ಕೆ ಇದು ಎರಡು ಸಾವಿರ ವರ್ಷಗಳಿಂದ ಎದೆಯಲ್ಲಿ ಮುರಿದ ಮುಳ್ಳಿನಂತೆ ಉಳಿದಿದೆ.

ಇದಕ್ಕೆ ಕಾರಣ ಸ್ಪಷ್ಟ. ಲೋಕವನ್ನು ಸೃಷ್ಟಿಸಿದ ದೇವರೊಬ್ಬನಿದ್ದಾನೆ, ಅವನು ಸರ್ವಶಕ್ತ, ಅವನು ಪ್ರೇಮಸ್ವರೂಪಿ ಎಂಬ ಮೂರು ಮಾತುಗಳನ್ನು ಕ್ರೈಸ್ತ ಶ್ರದ್ಧೆಯು ಒಟ್ಟಿಗೆ ಹಿಡಿದಿದೆ. ಜಗತ್ತಿಗೆ ಕರ್ತೃವನ್ನು ಒಪ್ಪದ ಜೈನ ದರ್ಶನದಲ್ಲಿ ಈ ಪ್ರಶ್ನೆಯು ಇದೇ ರೂಪದಲ್ಲಿ ಏಳುವುದಿಲ್ಲ. ಕರ್ತೃವನ್ನು ಒಪ್ಪಿದವರಿಗಾದರೋ ತಪ್ಪಿಸಿಕೊಳ್ಳುವ ದಾರಿಯಿಲ್ಲ. ತಡೆಯಲು ಶಕ್ತನಾದವನು, ತಡೆಯಲು ಮನಸ್ಸುಳ್ಳವನು, ಏಕೆ ತಡೆಯಲಿಲ್ಲ?

ಬೈಬಲ್ಲಿನಲ್ಲಿಯೇ ಈ ಪ್ರಶ್ನೆಯ ಬೀಜವಿದೆ. ಮತ್ತಾಯನ ಸುವಾರ್ತೆಯ ಪ್ರಕಾರ ಯೇಸುವಿನ ಜನನದ ವೇಳೆಗೆ ಹೆರೋದ ರಾಜನು ಬೆತ್ಲೆಹೇಮಿನ ಎರಡು ವರ್ಷದೊಳಗಿನ ಗಂಡುಕೂಸುಗಳನ್ನೆಲ್ಲ ಕೊಲ್ಲಿಸಿದನು. ಆ ಕೂಸುಗಳ ಸ್ಮರಣೆಯನ್ನು ಪಾಶ್ಚಾತ್ಯ ಕ್ರೈಸ್ತರು ಇಂದಿಗೂ ಡಿಸೆಂಬರ್ 28ರಂದು ಆಚರಿಸುತ್ತಾರೆ. ಕ್ರಿಸ್ತಜಯಂತಿಯ ಸಂಭ್ರಮ ಮುಗಿದು ಮೂರೇ ದಿನಗಳಿಗೆ ಬರುವ ಶೋಕದ ದಿನವದು. ಯೋಹಾನನ ಸುವಾರ್ತೆಯಲ್ಲಿ ಮತ್ತೊಂದು ಪ್ರಸಂಗವಿದೆ. ಹುಟ್ಟುಕುರುಡನೊಬ್ಬನನ್ನು ಕಂಡ ಶಿಷ್ಯರು, ಪಾಪ ಮಾಡಿದವನು ಇವನೋ ಇವನ ತಂದೆತಾಯಿಗಳೋ ಎಂದು ಗುರುವನ್ನು ಕೇಳಿದರು. ಇಬ್ಬರೂ ಅಲ್ಲವೆಂದು ಹೇಳಿ ಯೇಸುವು ಅವನಿಗೆ ದೃಷ್ಟಿಯನ್ನಿತ್ತನು. ಕಾರಣವನ್ನು ಹುಡುಕುವವರ ಮುಂದೆ ಕಾರ್ಯವನ್ನು ಇಟ್ಟ ಈ ಪ್ರಸಂಗವನ್ನು ಮುಂದಿನ ಶತಮಾನಗಳ ಪಂಡಿತರು ಎಷ್ಟರಮಟ್ಟಿಗೆ ನೆನಪಿನಲ್ಲಿಟ್ಟುಕೊಂಡರು ಎಂಬುದೇ ಈ ಇತಿಹಾಸದ ತಿರುಳು.

ಆಗಸ್ಟೀನನ ಉತ್ತರ

ಪಾಶ್ಚಾತ್ಯ ಕ್ರೈಸ್ತ ಚಿಂತನೆಗೆ ಅಡಿಪಾಯ ಹಾಕಿದವರಲ್ಲಿ ಆಗಸ್ಟೀನನು (354–430) ಅಗ್ರಗಣ್ಯ. ಉತ್ತರ ಆಫ್ರಿಕದ ಹಿಪ್ಪೋ ನಗರದ ಬಿಷಪ್ಪನಾಗಿದ್ದ ಅವನ ತರ್ಕವು ಸರಳವೂ ಕಠಿಣವೂ ಆಗಿತ್ತು. ದೇವರು ನ್ಯಾಯವಂತ, ಆದರೂ ಶಿಶುಗಳು ನೋಯುತ್ತವೆ, ಆದುದರಿಂದ ಶಿಶುಗಳಲ್ಲಿಯೂ ದೋಷವಿರಲೇಬೇಕು. ಆ ದೋಷವೇ ಆದಿಪುರುಷ ಆದಾಮನಿಂದ ಮನುಷ್ಯಕುಲಕ್ಕೆ ಹರಿದು ಬಂದ ಜನ್ಮಪಾಪ. ದೀಕ್ಷಾಸ್ನಾನದಿಂದ ಅದು ತೊಳೆದುಹೋಗುತ್ತದೆ. ದೀಕ್ಷಾಸ್ನಾನವಿಲ್ಲದೆ ಸತ್ತ ಕೂಸಿಗೆ ಸ್ವರ್ಗವಿಲ್ಲ. ಅದಕ್ಕೆ ದಂಡನೆಯುಂಟು, ಆದರೆ ಅದು ಎಲ್ಲಕ್ಕಿಂತ ಸೌಮ್ಯವಾದ ದಂಡನೆ ಎಂದು ಅವನು ಬರೆದನು.

ಅವನ ಸಮಕಾಲೀನನೇ ಆದ ಎಕ್ಲಾನಮ್ಮಿನ ಬಿಷಪ್ ಜೂಲಿಯನನು ಇದನ್ನು ಬಲವಾಗಿ ವಿರೋಧಿಸಿದನು. ಹಸುಗೂಸನ್ನು ದಂಡಿಸುವವನನ್ನು ನ್ಯಾಯವಂತನೆಂದು ಕರೆಯುವುದು ಹೇಗೆಂಬುದು ಅವನ ವಾದವಾಗಿತ್ತು. ಜೂಲಿಯನನು ಸೋತು ಪದಚ್ಯುತನಾದನು. ಆಗಸ್ಟೀನನ ಮತವು ಗೆದ್ದಿತು. ಆದರೆ ಗೆದ್ದವನ ಮನಸ್ಸೂ ನೆಮ್ಮದಿಯಿಂದಿರಲಿಲ್ಲ. 415ರಲ್ಲಿ ಬೆತ್ಲೆಹೇಮಿನಲ್ಲಿದ್ದ ಜೆರೋಮನಿಗೆ ಬರೆದ ಪತ್ರದಲ್ಲಿ, ಶಿಶುಗಳ ದಂಡನೆಯ ವಿಷಯಕ್ಕೆ ಬಂದಾಗ ತಾನು ಇಕ್ಕಟ್ಟಿಗೆ ಸಿಲುಕುವುದಾಗಿಯೂ ಏನು ಉತ್ತರ ಕೊಡಬೇಕೆಂದು ತೋಚುವುದಿಲ್ಲವೆಂದೂ ಅವನು ಒಪ್ಪಿಕೊಂಡಿದ್ದಾನೆ. ಅವನ ಒಬ್ಬನೇ ಮಗ ಅಡಿಯೋಡೇಟಸನು ಹದಿಹರೆಯದಲ್ಲಿಯೇ ತೀರಿಕೊಂಡಿದ್ದನು. ಆ ತಂದೆಯ ಅಂತರಂಗವು ಈ ತಪ್ಪೊಪ್ಪಿಗೆಯಲ್ಲಿ ಇಣುಕುತ್ತದೆಯೆಂದರೆ ತಪ್ಪಾಗಲಾರದು.

ಸಿದ್ಧಾಂತ ಮತ್ತು ತಾಯಂದಿರು

ಸಿದ್ಧಾಂತಗಳು ಗ್ರಂಥಗಳಲ್ಲಿಯೇ ಉಳಿಯುವುದಿಲ್ಲ. ಅವು ಮನೆಯೊಳಗೆ ಬರುತ್ತವೆ, ಸ್ಮಶಾನದವರೆಗೂ ಬರುತ್ತವೆ. ಮಧ್ಯಯುಗದ ಪಂಡಿತರು ಆಗಸ್ಟೀನನ ಕಾಠಿಣ್ಯವನ್ನು ಕೊಂಚ ತಗ್ಗಿಸಿ ‘ಲಿಂಬೋ’ ಎಂಬ ನೆಲೆಯನ್ನು ಕಲ್ಪಿಸಿದರು. ಆ ಪದಕ್ಕೆ ಅಂಚು ಎಂದರ್ಥ. ಅಲ್ಲಿ ಶಿಶುಗಳಿಗೆ ನೋವಿಲ್ಲ, ಆದರೆ ದೇವರ ದರ್ಶನವೂ ಇಲ್ಲ. ಥಾಮಸ್ ಅಕ್ವಿನಾಸನು (1225–1274) ಅಲ್ಲಿನ ಶಿಶುಗಳು ತಾವು ಕಳೆದುಕೊಂಡುದನ್ನು ಕುರಿತು ದುಃಖಿಸುವುದಿಲ್ಲವೆಂದು ಬೋಧಿಸಿದನು.

ಕೂಸು ದುಃಖಿಸದಿರಬಹುದು, ಹೆತ್ತವಳು? ದೀಕ್ಷಾಸ್ನಾನವಾಗದ ಕೂಸಿಗೆ ಪವಿತ್ರೀಕೃತ ಭೂಮಿಯಲ್ಲಿ ಸಮಾಧಿಯಿರಲಿಲ್ಲ. ಐರ್ಲೆಂಡಿನಲ್ಲಿ ಅಂತಹ ಕೂಸುಗಳನ್ನು ಹೂಳಲು ಊರಾಚೆ ‘ಕಿಲ್ಲೀನ್’ ಎಂಬ ಪ್ರತ್ಯೇಕ ಸ್ಥಳಗಳಿದ್ದವು. ತಂದೆಯೋ ನೆಂಟನೋ ಕತ್ತಲಾದ ಮೇಲೆ ಪುಟ್ಟ ಶವವನ್ನು ಹೊತ್ತೊಯ್ದು, ಪಾದ್ರಿಯ ಮಂತ್ರವಿಲ್ಲದೆ, ಹೆಸರಿಲ್ಲದ ಒಂದು ಕಲ್ಲಿನಡಿ ಹೂತು ಬರುತ್ತಿದ್ದನು. ಈ ರೂಢಿಯು ಇಪ್ಪತ್ತನೆಯ ಶತಮಾನದವರೆಗೂ ನಡೆಯಿತು. ದೇವರ ನ್ಯಾಯವನ್ನು ಉಳಿಸಲೆಂದು ಕಟ್ಟಿದ ತರ್ಕಕ್ಕೆ ಬಡ ತಾಯಂದಿರು ಬೆಲೆ ತೆತ್ತರು.

ಕ್ಯಾಥೊಲಿಕ್ ಸಭೆಯು ಕೊನೆಗೂ ಈ ವಿಷಯವನ್ನು ಮರುಪರಿಶೀಲಿಸಿತು. 1992ರ ಅದರ ಧರ್ಮೋಪದೇಶ ಗ್ರಂಥವು ಲಿಂಬೋವಿನ ಮಾತೆತ್ತದೆ ಇಂತಹ ಶಿಶುಗಳನ್ನು ದೇವರ ಕರುಣೆಗೆ ಒಪ್ಪಿಸಿತು. 2007ರಲ್ಲಿ ಪೋಪ್ ಹದಿನಾರನೆಯ ಬೆನೆಡಿಕ್ಟರ ಸಮ್ಮತಿಯೊಡನೆ ಅಂತರರಾಷ್ಟ್ರೀಯ ದೇವಶಾಸ್ತ್ರ ಆಯೋಗವು ಪ್ರಕಟಿಸಿದ ದಾಖಲೆಯು, ಲಿಂಬೋ ಎಂಬುದು ಎಂದೂ ಕಡ್ಡಾಯ ಸಿದ್ಧಾಂತವಾಗಿರಲಿಲ್ಲವೆಂದೂ, ಈ ಶಿಶುಗಳ ಮೋಕ್ಷವನ್ನು ಆಶಿಸಲು ಬಲವಾದ ಆಧಾರಗಳಿವೆಯೆಂದೂ ಹೇಳಿತು. ಖಚಿತಜ್ಞಾನವಿದೆಯೆಂದು ಅದು ಹೇಳಿಕೊಳ್ಳಲಿಲ್ಲ. ‘ಆಶಿಸಬಹುದು’ ಎಂಬಷ್ಟೇ ಹೇಳಿದ ಆ ವಿನಯಕ್ಕೆ ಬರಲು ಸಾವಿರದ ಐನೂರಕ್ಕೂ ಹೆಚ್ಚು ವರ್ಷಗಳು ಹಿಡಿದವು.

ಕಾರ್ಲೈಲಿನ ಐದು ಸಮಾಧಿಗಳು

ಅತ್ತ ಯೂರೋಪಿನ ತತ್ತ್ವಜ್ಞಾನಿಗಳು ಬೇರೆಯ ದಾರಿ ಹಿಡಿದಿದ್ದರು. ಇರಬಹುದಾದ ಲೋಕಗಳಲ್ಲೆಲ್ಲ ಇದೇ ಉತ್ತಮವೆಂದು 1710ರಲ್ಲಿ ಲೈಬ್‌ನಿಟ್ಸನು ಪ್ರತಿಪಾದಿಸಿದನು. 1755ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ಬೆಳಿಗ್ಗೆ, ಲಿಸ್ಬನ್ ನಗರದ ಚರ್ಚುಗಳು ಭಕ್ತರಿಂದ ತುಂಬಿದ್ದಾಗಲೇ ಮಹಾಭೂಕಂಪವಾಗಿ ಸಹಸ್ರಾರು ಜನರು ಸತ್ತರು. ಆ ಅವಶೇಷಗಳ ನಡುವೆ ನಿಂತು ‘ಎಲ್ಲವೂ ಒಳ್ಳೆಯದಕ್ಕೇ’ ಎನ್ನುವುದು ಹೇಗೆಂದು ವಾಲ್ಟೇರನು ಕೇಳಿದನು. ವಾದವು ಅಲ್ಲಿಗೆ ಸೊರಗಿತು, ದುಃಖವು ಸೊರಗಲಿಲ್ಲ.

ಇಂಗ್ಲೆಂಡಿನ ಉತ್ತರ ಗಡಿಯ ಕಾರ್ಲೈಲ್ ನಗರದ ಕಥೀಡ್ರಲ್ಲಿಗೆ ಆರ್ಚಿಬಾಲ್ಡ್ ಕ್ಯಾಂಬೆಲ್ ಟೇಟನು 1849ರಿಂದ ಮುಖ್ಯ ಪುರೋಹಿತನಾಗಿದ್ದನು. ಅವನಿಗೂ ಅವನ ಮಡದಿ ಕ್ಯಾಥರೀನಳಿಗೂ ಆರು ಜನ ಹೆಣ್ಣುಮಕ್ಕಳು, ಒಬ್ಬ ಮಗ. 1856ರ ಮಾರ್ಚಿಯಲ್ಲಿ ಆ ಮನೆಗೆ ಕೆಂಪುಜ್ವರವು ಕಾಲಿಟ್ಟಿತು. ಕ್ಯಾಥರೀನಳು ಆಗತಾನೆ ಹೆಣ್ಣುಕೂಸೊಂದನ್ನು ಹೆತ್ತ ಹಸಿಬಾಣಂತಿ. ಸುಮಾರು ಒಂದು ತಿಂಗಳಿನೊಳಗೆ ಐವರು ಹೆಣ್ಣುಮಕ್ಕಳು ಒಬ್ಬರ ಹಿಂದೊಬ್ಬರಂತೆ ತೀರಿಕೊಂಡರು. ಅತಿ ಕಿರಿಯದಕ್ಕೆ ಎರಡು ವರ್ಷ ತುಂಬಿರಲಿಲ್ಲ. ಹಿರಿಯವಳಿಗೆ ಹತ್ತು ವರ್ಷ. ಎಳೆಗೂಸು ಲೂಸಿ ಮತ್ತು ಮಗ ಕ್ರಾಫರ್ಡ್ ಇಬ್ಬರೇ ಉಳಿದರು.

ಪ್ರತಿ ಭಾನುವಾರ ದೇವರ ಪ್ರೇಮವನ್ನು ಇತರರಿಗೆ ಬೋಧಿಸುತ್ತಿದ್ದವನ ಮನೆಯಿದು. ಬೇರೆಯವರ ಮಕ್ಕಳ ಶವಗಳ ಮುಂದೆ ಅವನು ಹೇಳುತ್ತಿದ್ದ ಮಾತುಗಳೆಲ್ಲ ಈಗ ಅವನ ಬಾಗಿಲಿಗೇ ಬಂದು ನಿಂತವು. ಕ್ಯಾಥರೀನಳು ಆ ದಿನಗಳ ವೃತ್ತಾಂತವನ್ನು ಬರೆದಿಟ್ಟಳು. ಅವಳ ಮರಣಾನಂತರ 1879ರಲ್ಲಿ ಅದು ಪ್ರಕಟವಾಯಿತು. ಅದರಲ್ಲಿ ವಾದವಿಲ್ಲ. ಯಾವ ಮಗು ಯಾವ ಪ್ರಾರ್ಥನೆಯನ್ನು ಹೇಳಿತು, ಯಾರ ಕೈಯನ್ನು ಹಿಡಿಯಿತು, ಎಷ್ಟು ಹೊತ್ತಿಗೆ ಉಸಿರು ನಿಂತಿತು ಎಂಬುದಿದೆ. ಮಕ್ಕಳು ದೇವರ ಬಳಿ ಇದ್ದಾರೆಂಬ ದೃಢವಾದ ನಂಬಿಕೆಯಿದೆ. ಆ ನಂಬಿಕೆಯ ಪಕ್ಕದಲ್ಲಿಯೇ ತೀರದ ಅಳಲೂ ಇದೆ. ಒಂದು ಮತ್ತೊಂದನ್ನು ಅಳಿಸಲಿಲ್ಲ.

ಮುಂದೆ ನಡೆದುದು ಗಮನಾರ್ಹ. ಅದೇ ವರ್ಷ ಟೇಟನು ಲಂಡನ್ನಿನ ಬಿಷಪ್ಪನಾದನು. 1868ರಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪನಾದನು. 1866ರಲ್ಲಿ ಲಂಡನ್ನಿನ ಪೂರ್ವಭಾಗದ ಬಡ ಕೇರಿಗಳಲ್ಲಿ ಕಾಲರಾ ಹಬ್ಬಿದಾಗ, ತಂದೆತಾಯಿಗಳನ್ನು ಕಳೆದುಕೊಂಡ ಹೆಣ್ಣುಮಕ್ಕಳಿಗಾಗಿ ಕ್ಯಾಥರೀನಳು ಅನಾಥಾಲಯವನ್ನು ತೆರೆದಳು. ಐದು ಹೆಣ್ಣುಮಕ್ಕಳನ್ನು ಮಣ್ಣಿಗೆ ಕೊಟ್ಟವಳು ತಾಯಿಯಿಲ್ಲದ ಹೆಣ್ಣುಮಕ್ಕಳಿಗೆ ತಾಯಿಯಾದಳು. ದೇವರು ತನ್ನ ಮಕ್ಕಳನ್ನು ಏಕೆ ಕರೆದುಕೊಂಡನೆಂಬುದಕ್ಕೆ ಇದು ಉತ್ತರವಲ್ಲ. ಉತ್ತರವಿಲ್ಲದೆಯೂ ಬದುಕಿದ ರೀತಿಯಿದು. ಕೆಂಪುಜ್ವರವು ಸೂಕ್ಷ್ಮಾಣುವೊಂದರಿಂದ ಬರುವ ರೋಗವೆಂದು ತಿಳಿದುದೂ, ಅದಕ್ಕೆ ಪೆನಿಸಿಲಿನ್‌ನಂತಹ ಔಷಧ ದೊರೆತುದೂ ಬಹು ವರ್ಷಗಳ ನಂತರ. ದೈವೇಚ್ಛೆಯೆಂದು ತಲೆಬಾಗಿದ ಸಾವು ಇಂದು ಕೆಲವು ದಿನಗಳ ಔಷಧದಿಂದ ತಪ್ಪುತ್ತದೆ. ದೈವೇಚ್ಛೆ ಎಂಬ ಮಾತನ್ನು ಎಷ್ಟು ಎಚ್ಚರದಿಂದ ಆಡಬೇಕೆಂಬುದಕ್ಕೆ ಇದೊಂದು ಪಾಠ.

ಹಿಂದಿರುಗಿಸಿದ ಟಿಕೆಟ್

ಕ್ಯಾಥರೀನಳ ಒಬ್ಬನೇ ಮಗ ಕ್ರಾಫರ್ಡನು 1878ರ ಮೇ ತಿಂಗಳಿನಲ್ಲಿ ತೀರಿಕೊಂಡನು. ಅದೇ ಮೇ ತಿಂಗಳಿನಲ್ಲಿ ರಷ್ಯದಲ್ಲಿ ಮತ್ತೊಂದು ಮನೆ ಕತ್ತಲಾಯಿತು. ಕಾದಂಬರಿಕಾರ ದಾಸ್ತೊಯೆವ್‌ಸ್ಕಿಯ ಮಗ ಅಲ್ಯೋಷಾ, ಮೂರು ವರ್ಷ ತುಂಬದ ಕಂದ, ಅಪಸ್ಮಾರದ ಸೆಳೆತದಿಂದ ಸತ್ತನು. ಆ ರೋಗವು ತಂದೆಗೂ ಇತ್ತು. ಹತ್ತು ವರ್ಷಗಳ ಹಿಂದೆ, 1868ರಲ್ಲಿ, ಜಿನೀವಾದಲ್ಲಿ ಮೂರು ತಿಂಗಳ ಮಗಳು ಸೋನ್ಯಾಳನ್ನೂ ಅವನು ಕಳೆದುಕೊಂಡಿದ್ದನು. ದುಃಖಾರ್ತನಾದ ಅವನು ತರುಣ ತತ್ತ್ವಜ್ಞಾನಿ ಸೊಲೊವ್ಯೋವನೊಡನೆ ಆಪ್ಟಿನಾ ಮಠಕ್ಕೆ ಹೋಗಿ ಅಂಬ್ರೋಸ್ ಎಂಬ ವೃದ್ಧ ಸಂನ್ಯಾಸಿಯನ್ನು ಕಂಡನು.

ಆ ಬಳಿಕ ಬಂದ ‘ಕರಮಜೋವ್ ಸಹೋದರರು’ ಕಾದಂಬರಿಯಲ್ಲಿ (1879–80) ಇವಾನನೆಂಬ ಪಾತ್ರವು ಹಿಂಸೆಗೊಳಗಾದ ಮಕ್ಕಳ ವೃತ್ತಾಂತಗಳನ್ನು ಒಂದೊಂದಾಗಿ ಹೇಳುತ್ತದೆ. ಅವು ಕಲ್ಪನೆಯಲ್ಲ, ನಿಜವಾಗಿ ನಡೆದವು ಎಂದು ಲೇಖಕನೇ ತನ್ನ ಪ್ರಕಾಶಕರ ಕಡೆಯವರಿಗೆ ತಿಳಿಸಿದ್ದನು. ಇವಾನನ ವಾದವನ್ನು ವ್ಯಾಪಾರಸ್ಥರು ಸುಲಭವಾಗಿ ಗ್ರಹಿಸಬಲ್ಲರು. ಮುಂದೊಂದು ದಿನ ಲೋಕಕ್ಕೆಲ್ಲ ಸಾಮರಸ್ಯವೆಂಬ ಮಹಾಲಾಭ ದೊರೆಯುವುದೆಂದು ಇಟ್ಟುಕೊಳ್ಳೋಣ. ಆ ಲಾಭವನ್ನು ತೋರಿಸಿ ಇಂದು ಒಂದು ಮಗುವಿನ ಕಣ್ಣೀರನ್ನು ಖರ್ಚಿಗೆ ಬರೆಯಬಹುದೇ? ಆ ಕಣ್ಣೀರು ಮಗುವಿನ ಸ್ವತ್ತು. ಅದನ್ನು ಜಮಾ-ಖರ್ಚಿನಲ್ಲಿ ವಜಾ ಮಾಡುವ ಅಧಿಕಾರ ಬೇರೆ ಯಾರಿಗೂ ಇಲ್ಲ. ಆದುದರಿಂದ ಇವಾನನು ದೇವರನ್ನು ಅಲ್ಲಗಳೆಯುವುದಿಲ್ಲ; ಆ ಸಾಮರಸ್ಯಕ್ಕೆ ಹೋಗುವ ತನ್ನ ಟಿಕೆಟ್ಟನ್ನು ವಿನಯದಿಂದ ಹಿಂದಿರುಗಿಸುತ್ತಾನೆ.

ಶ್ರದ್ಧಾವಂತ ಕ್ರೈಸ್ತನೊಬ್ಬನು ತನ್ನ ಶ್ರದ್ಧೆಯ ವಿರುದ್ಧ ಇಷ್ಟು ಬಲವಾದ ವಾದವನ್ನು ತಾನೇ ಬರೆದನೆಂಬುದು ಅಪೂರ್ವ. ಅದಕ್ಕೆ ಅವನು ಪ್ರತಿವಾದವನ್ನು ಬರೆಯಲಿಲ್ಲ. ಅಲ್ಯೋಷಾ ಎಂಬ ಪಾತ್ರವನ್ನು ಬರೆದನು. ಸತ್ತ ಮಗನ ಹೆಸರನ್ನು ಹೊತ್ತ ಆ ತರುಣನು ತಿರಸ್ಕೃತನಾದ ಒಬ್ಬ ರೋಗಿ ಬಾಲಕನ ಹಾಸಿಗೆಯ ಬಳಿಗೆ ಅವನ ಗೆಳೆಯರನ್ನು ಕರೆತರುತ್ತಾನೆ. ಅದೇ ಕಾದಂಬರಿಯಲ್ಲಿ ಮಗುವನ್ನು ಕಳೆದುಕೊಂಡ ಹಳ್ಳಿಯ ಹೆಂಗಸಿಗೆ ವೃದ್ಧ ಸಂನ್ಯಾಸಿಯು ಅಳಬೇಡವೆಂದು ಹೇಳುವುದಿಲ್ಲ, ಅಳು ಎನ್ನುತ್ತಾನೆ. ಆ ಮಾತುಗಳು ಆಪ್ಟಿನಾದಿಂದ ತನ್ನ ಪತಿಯು ತಂದವೆಂದು ದಾಸ್ತೊಯೆವ್‌ಸ್ಕಿಯ ಮಡದಿ ಅನ್ನಾ ನೆನೆದಿದ್ದಾಳೆ.

ಇಪ್ಪತ್ತನೆಯ ಶತಮಾನದಲ್ಲಿ ಎರಡು ಮಹಾಯುದ್ಧಗಳ ಬಳಿಕ ಕ್ರೈಸ್ತ ಚಿಂತಕರಲ್ಲಿ ಅನೇಕರು ಈ ಕಡೆಗೇ ವಾಲಿದರು. ನಾಜಿ ಸೆರೆಮನೆಯಿಂದ 1944ರಲ್ಲಿ ಬರೆದ ಪತ್ರಗಳಲ್ಲಿ ಡೀಟ್ರಿಚ್ ಬಾನ್‌ಹಾಫರನು, ನೋವಿಗೆ ಕಾರಣ ಹೇಳುವ ದೇವರಿಗಿಂತ ನೋವಿನಲ್ಲಿ ಪಾಲುಗೊಳ್ಳುವ ದೇವರನ್ನು ಕಂಡನು. ಶಿಲುಬೆಯ ಮೇಲೆ ಯೇಸುವೇ ತನ್ನನ್ನು ಏಕೆ ಕೈಬಿಟ್ಟೆಯೆಂದು ಕೂಗಿದ್ದನಲ್ಲವೆ? ಆ ಕೂಗನ್ನು ತನ್ನ ಗ್ರಂಥದಲ್ಲಿ ಉಳಿಸಿಕೊಂಡ ಧರ್ಮವು ಮಗುವನ್ನು ಕಳೆದುಕೊಂಡವರ ಕೂಗನ್ನು ಅಡಗಿಸಲಾರದು.

ಲೆಕ್ಕವೂ ಬೇಕು, ಕರುಣೆಯೂ ಬೇಕು

ಕಾರಣ ಹುಡುಕದೆ ಕಾರ್ಯಕ್ಕಿಳಿದವರಲ್ಲಿ ಥಾಮಸ್ ಕೋರಮ್ ಎಂಬ ವರ್ತಕನನ್ನು ನೆನೆಯಲೇಬೇಕು. ಹಡಗಿನ ಕಪ್ತಾನನೂ ವ್ಯಾಪಾರಿಯೂ ಆಗಿದ್ದ ಅವನು ಲಂಡನ್ನಿನ ಬೀದಿಬದಿಯಲ್ಲಿ ಎಸೆದುಹೋದ ಕೂಸುಗಳನ್ನು ಕಂಡು ಮರುಗಿದನು. ಅಕ್ರಮ ಸಂತಾನವನ್ನು ಸಾಕಿದರೆ ಪಾಪಕ್ಕೆ ಪ್ರೋತ್ಸಾಹವಾಗುತ್ತದೆಂದು ಹೇಳುವವರಿಗೇನೂ ಕೊರತೆಯಿರಲಿಲ್ಲ. ಹದಿನೇಳು ವರ್ಷ ಮನೆಮನೆ ಅಲೆದು 1739ರಲ್ಲಿ ಅವನು ಶಿಶುಪಾಲನ ಸಂಸ್ಥೆಗೆ ರಾಜಾಜ್ಞೆಯನ್ನು ಪಡೆದನು. ಕೂಸನ್ನು ಒಪ್ಪಿಸಿದ ತಾಯಂದಿರು ಮುಂದೆಂದಾದರೂ ಗುರುತಿಸಲೆಂದು ಬಟ್ಟೆಯ ತುಂಡನ್ನೋ ನಾಣ್ಯವನ್ನೋ ಬಿಟ್ಟುಹೋಗುತ್ತಿದ್ದರು.

ಆದರೆ ಸದುದ್ದೇಶವೊಂದೇ ಸಾಲದು. 1756ರಿಂದ 1760ರವರೆಗೆ ಸರ್ಕಾರದ ಹಣದಿಂದ ಬಂದ ಕೂಸುಗಳನ್ನೆಲ್ಲ ಸೇರಿಸಿಕೊಂಡಾಗ ಸುಮಾರು 15,000 ಶಿಶುಗಳು ಬಂದವು. ಅವುಗಳಲ್ಲಿ ಮೂರನೆಯ ಎರಡು ಪಾಲು ಬದುಕಲಿಲ್ಲ. ದಾದಿಯರ, ಹಾಲಿನ, ಶುಚಿತ್ವದ ವ್ಯವಸ್ಥೆಯಿಲ್ಲದೆ ದ್ವಾರವನ್ನು ಮಾತ್ರ ತೆರೆದ ಕರುಣೆಗೆ ಈ ಗತಿ ಬಂದಿತು. ಧರ್ಮಸಂಸ್ಥೆಗಳನ್ನು ನಡೆಸುವವರೆಲ್ಲ ಮನನ ಮಾಡಬೇಕಾದ ಲೆಕ್ಕವಿದು.

ಕ್ರೈಸ್ತ ಶ್ರದ್ಧೆಯು ತನ್ನ ಪ್ರಶ್ನೆಗೆ ಪೂರ್ಣವಾದ ಉತ್ತರವನ್ನು ಕಂಡುಕೊಂಡಿದೆಯೆಂದು ಹೇಳಲಾಗದು. ಅದರ ಪ್ರಾಮಾಣಿಕ ಪ್ರತಿನಿಧಿಗಳು ಹಾಗೆ ಹೇಳಿಕೊಂಡಿಲ್ಲ. ಆದರೆ ಒಂದು ವಿವೇಕವು ಈ ಇತಿಹಾಸದಿಂದ ಹೊಮ್ಮುತ್ತದೆ. ತನ್ನ ನೋವಿಗೆ ತಾನೇ ಅರ್ಥವನ್ನು ಹುಡುಕಿಕೊಳ್ಳುವುದು ತಪಸ್ಸು. ಪರರ ಮಗುವಿನ ನೋವಿಗೆ ಅರ್ಥ ಹೇಳಹೊರಡುವುದು ಹಿಂಸೆಯಾಗಬಹುದು. ಜನ್ಮಪಾಪವೆಂದರೂ ಸರಿ, ದೈವೇಚ್ಛೆಯೆಂದರೂ ಸರಿ, ಪೂರ್ವಾರ್ಜಿತವೆಂದರೂ ಸರಿ, ಮಗುವನ್ನು ಕಳೆದುಕೊಂಡ ತಾಯಿಯ ಮುಂದೆ ಆಡಿದಾಗ ಆ ಮಾತು ಕಲ್ಲಾಗುತ್ತದೆ. ಸಿದ್ಧಾಂತವು ಸತ್ಯವೇ ಆಗಿದ್ದರೂ ಅದನ್ನು ನುಡಿಯುವ ಹೊತ್ತು ಅದಲ್ಲ. ಆ ಹೊತ್ತಿನಲ್ಲಿ ಅವಳ ಬಳಿ ಕುಳಿತುಕೊಳ್ಳುವುದು ಧರ್ಮ. ಬದುಕಿರುವ ಇನ್ನೊಂದು ಮಗುವಿಗೆ ಹಾಲನ್ನೂ ಔಷಧವನ್ನೂ ಒದಗಿಸುವುದು ಧರ್ಮ.